ಕಾಡಿನ ಫಿಂಚ್‌ಗಳ ಹಿಂದೆ ಬಿದ್ದ ಪಾದ್ರಿ: ಗಿಲ್ಬರ್ಟ್ ವೈಟ್

ಹಾಫಿಂಚ್ ಅಂತ ಒಂದು ಹಕ್ಕಿ ಇದೆ. ತೂಕ ಸುಮಾರು 55 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಕೋಳಿಮೊಟ್ಟೆಯಷ್ಟು. ದಪ್ಪ ಕತ್ತು, ಗಿಡ್ಡ ಬಾಲ, ತಲೆಗೆ ಹೊಂದದಷ್ಟು ದೊಡ್ಡ ಕೊಕ್ಕು. ಆ ಕೊಕ್ಕಿನಲ್ಲಿ ಅದು ಚೆರ್ರಿ ಹಣ್ಣಿನ ಓಟೆಯನ್ನು ಕಡಲೆಕಾಯಿ ಒಡೆದ ಹಾಗೆ ಒಡೆಯುತ್ತದೆ. 1950ರ ದಶಕದಲ್ಲಿ ಅಂಥ ಓಟೆಗಳನ್ನು ಯಂತ್ರದಲ್ಲಿಟ್ಟು ಒತ್ತಿ ನೋಡಿದರು. ಒಂದೊಂದು ಒಡೆಯಲು 27ರಿಂದ 43 ಕಿಲೋ ಭಾರ ಬೇಕಾಯಿತು. ಲ್ಯಾಬಿನಲ್ಲಿ ಕಂಪ್ರೆಷನ್ ಟೆಸ್ಟ್ ಮಾಡಿ ರೀಡಿಂಗ್ ಬರೆದುಕೊಂಡ ಸಿವಿಲ್, ಮೆಕ್ಯಾನಿಕಲ್ ಗೆಳೆಯರು ಲೆಕ್ಕ ಹಾಕಿಕೊಳ್ಳಲಿ: ಈ ಹಕ್ಕಿ ಹಾಕುವ ಬಲ ಅದರ ತೂಕದ ಐನೂರು ಪಟ್ಟಿನ ಆಸುಪಾಸು, ಕೆಲವೊಮ್ಮೆ ಅದಕ್ಕೂ ಮೇಲೆ.

ಇಷ್ಟು ಗಟ್ಟಿ ಹಕ್ಕಿ ಕಣ್ಣಿಗೆ ಬೀಳೋದು ಮಾತ್ರ ಕಷ್ಟ. ಎತ್ತರದ ಮರಗಳ ತುದಿಯಲ್ಲೇ ಅದರ ವಾಸ. ಸದ್ದು ಅಂದರೆ ಚಿಕ್ಕದಾದ, ಚೂಪಾದ ಒಂದು 'ಟಿಕ್'. ಹಾಡು ಇದ್ದೂ ಇಲ್ಲದಂತೆ. ಕೆಳಗೆ ಒಣ ಎಲೆ ಸರಕ್ ಅಂದರೆ ಸಾಕು, ಹಾರಿಹೋಗುತ್ತದೆ. ಇಂಗ್ಲೆಂಡಿನಲ್ಲಿ ಹತ್ತಾರು ವರ್ಷ ಹಕ್ಕಿ ನೋಡಿದವರೂ ಹಾಫಿಂಚ್ ಇನ್ನೂ ಸಿಕ್ಕಿಲ್ಲ ಅಂತ ಕೊರಗುತ್ತಾರೆ. ಚಳಿಗಾಲದಲ್ಲಿ ಎಲೆ ಉದುರಿದ ಮೇಲೆ, ಬೆಳಗಿನ ಹೊತ್ತು, ಹಾರ್ನ್‌ಬೀಮ್, ಯೂ, ಚೆರ್ರಿ ಮರಗಳ ಬುಡದಲ್ಲಿ ಅಲ್ಲಾಡದೆ ನಿಂತರೆ ಕಂಡೀತು. ಇವತ್ತು ಬೈನಾಕ್ಯುಲರ್ ಇದ್ದವರ ಪಾಡೇ ಇದು. ಸುಮಾರು ಇನ್ನೂರೈವತ್ತು ವರ್ಷದ ಹಿಂದೆ ಬರಿಗಣ್ಣು, ಒಂದು ಕೋವಿ, ಒಂದು ನೋಟ್‌ಬುಕ್ ಇಟ್ಟುಕೊಂಡು ಇಂಥ ಹಕ್ಕಿಗಳ ಹಿಂದೆ ಬಿದ್ದವನು ಗಿಲ್ಬರ್ಟ್ ವೈಟ್.

ಮುಂದೆ ಹೋಗುವ ಮೊದಲು ಒಂದು ಮಾತು. ಫಿಂಚ್ ಅಂದ ಕೂಡಲೇ ನಮ್ಮಲ್ಲಿ ಹಲವರು ರಾಟವಾಳ, ಗೀಜಗಗಳನ್ನು ನೆನೆಯುತ್ತಾರೆ. ಕಾಳು ತಿನ್ನುವ ಕೊಕ್ಕು ಒಂದೇ ಥರ ಇದ್ದರೂ ಅವುಗಳ ಕುಟುಂಬ ಬೇರೆ. ಕರ್ನಾಟಕಕ್ಕೆ ಬರುವ ನಿಜವಾದ ಫಿಂಚ್ ಅಂದರೆ ರೋಸ್‌ಫಿಂಚ್. ಚಳಿಗಾಲಕ್ಕೆ ಉತ್ತರದಿಂದ ಬಂದು ಬಿದಿರು, ಪೊದೆಗಳ ನಡುವೆ ಬೀಜ ತಿನ್ನುತ್ತಾ ಕಾಲ ಕಳೆದು ಹೋಗುತ್ತದೆ. ಗಂಡಿಗೆ ಗುಲಾಬಿ ಕೆಂಪು ಬಣ್ಣ. ಹೆಣ್ಣು, ಮರಿಗಳು ಕಂದು ಗೆರೆಗಳ ಗುಬ್ಬಿಯ ಹಾಗೆ ಇರೋದರಿಂದ ನಾವು ತಿರುಗಿ ನೋಡದೆ ದಾಟಿ ಹೋಗುತ್ತೇವೆ. ಹೆಣ್ಣು ಹಕ್ಕಿಯನ್ನು ದಾಟಿ ಹೋಗುವ ಈ ಅಭ್ಯಾಸದ ವಿಷಯ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಗಿಲ್ಬರ್ಟ್ ವೈಟ್ ಹುಟ್ಟಿದ್ದು 1720ರ ಜುಲೈ 18ರಂದು, ದಕ್ಷಿಣ ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ಸೆಲ್‌ಬೋರ್ನ್ ಎಂಬ ಹಳ್ಳಿಯಲ್ಲಿ. ಅಜ್ಜ ಅಲ್ಲಿನ ಚರ್ಚಿನ ಪಾದ್ರಿ. ಅವರ ಹೆಸರೂ ಗಿಲ್ಬರ್ಟ್. ಹುಡುಗ ಆಕ್ಸ್‌ಫರ್ಡಿನ ಓರಿಯಲ್ ಕಾಲೇಜು ಸೇರಿ 1743ರಲ್ಲಿ ಪದವಿ ಪಡೆದ. ಮರುವರ್ಷವೇ ಅಲ್ಲಿ ಫೆಲೋ ಆದ. ಫೆಲೋಶಿಪ್ಪಿನಿಂದ ವರ್ಷವರ್ಷ ಹಣ ಬರುತ್ತಿತ್ತು, ಆದರೆ ಮದುವೆಯಾದರೆ ಅದು ಹೋಗುತ್ತಿತ್ತು. ವೈಟ್ ಕೊನೆಯವರೆಗೂ ಫೆಲೋ ಆಗಿಯೇ ಉಳಿದ, ಮದುವೆಯಾಗಲಿಲ್ಲ.

ಮಹತ್ವಾಕಾಂಕ್ಷೆ ಇರಲಿಲ್ಲ ಅಂತಲ್ಲ. 1752ರಲ್ಲಿ ವಿಶ್ವವಿದ್ಯಾಲಯದ ಪ್ರಾಕ್ಟರ್ ಆಗಿದ್ದ. 1757ರಲ್ಲಿ ಓರಿಯಲ್ ಕಾಲೇಜಿನ ಮುಖ್ಯಸ್ಥನ ಹುದ್ದೆಗೆ ನಿಂತು ಸೋತ. ಗೆದ್ದಿದ್ದರೆ ಆಕ್ಸ್‌ಫರ್ಡಿನ ಒಂದು ಗೋಡೆಯ ಮೇಲೆ ಅವನ ಭಾವಚಿತ್ರ ತೂಗುತ್ತಿತ್ತು, ನಾವು ಯಾರೂ ಅವನ ಹೆಸರು ಕೇಳುತ್ತಿರಲಿಲ್ಲ. ಸೋತು ಊರಿಗೆ ಬಂದ. ಊರಿನಲ್ಲಾದರೂ ಮುಖ್ಯ ಪಾದ್ರಿ ಆದನಾ ಅಂದರೆ ಅದೂ ಇಲ್ಲ. ಸೆಲ್‌ಬೋರ್ನ್ ಚರ್ಚಿನ ಹುದ್ದೆ ಕೊಡುವ ಹಕ್ಕು ಮ್ಯಾಗ್ಡಲೆನ್ ಕಾಲೇಜಿನದು, ಇವನು ಓರಿಯಲ್‌ನವನು. ಕಾಲೇಜು ಬೇರೆ ಆದ ತಪ್ಪಿಗೆ ಇವನು ಜೀವನಪೂರ್ತಿ ಸಹಾಯಕ ಪಾದ್ರಿ. ಅದರಲ್ಲೂ 1761ರಿಂದ 1784ರವರೆಗೆ ಕೆಲಸ ಮಾಡಿದ್ದು ಪಕ್ಕದ ಫ್ಯಾರಿಂಗ್‌ಡನ್ ಹಳ್ಳಿಯಲ್ಲಿ. ಬೇರೆ ಕಡೆ ಒಳ್ಳೆಯ ಹುದ್ದೆಗಳು ಬಂದಾಗ ಸೆಲ್‌ಬೋರ್ನ್ ಬಿಟ್ಟು ಹೋಗಬೇಕಲ್ಲ ಅಂತ ಇವನೇ ಬೇಡವೆಂದ. ಕುದುರೆಗಾಡಿ ಹತ್ತಿದರೆ ಹೊಟ್ಟೆ ತೊಳಸುತ್ತಿತ್ತು ಅನ್ನೋದು ಇನ್ನೊಂದು ಕಾರಣ ಇರಬಹುದು.

ಸೆಲ್‌ಬೋರ್ನ್ ಊರಿನ ಬೆನ್ನಿಗೇ ಒಂದು ಕಡಿದಾದ ಸುಣ್ಣಕಲ್ಲಿನ ಗುಡ್ಡ. ಅದರ ಮೈತುಂಬಾ ಬೀಚ್ ಮರಗಳ ಕಾಡು. ಊರವರು ಅದನ್ನು ಹ್ಯಾಂಗರ್ ಅಂತಾರೆ. 1753ರಲ್ಲಿ ವೈಟ್ ತನ್ನ ತಮ್ಮ ಜಾನ್ ಜೊತೆ ಸೇರಿ ಆ ಗುಡ್ಡದ ಮೇಲಕ್ಕೆ ಅಂಕುಡೊಂಕಿನ ದಾರಿಯೊಂದನ್ನು ಕಡಿಸಿದ. ಆ ದಾರಿ ಇವತ್ತಿಗೂ ಇದೆ. ಮನೆಯ ಹಿತ್ತಲು, ಹಿತ್ತಲಿನ ಆಚೆ ಹೊಲ, ಹೊಲದ ಆಚೆ ಕಾಡು. ಅವನ ಜಗತ್ತು ಇಷ್ಟೇ. ಹಕ್ಕಿ ನೋಡೋದಕ್ಕೆ ಹಿಮಾಲಯಕ್ಕೆ ಟಿಕೆಟ್ ಬುಕ್ ಮಾಡುವ ನಮಗೆ ಇದು ಸ್ವಲ್ಪ ಕಡಿಮೆ ಅನ್ನಿಸಬಹುದು. ಆದರೆ ಮೂಡಿಗೆರೆಯ ತೋಟದಲ್ಲಿ ಕೂತು ತೇಜಸ್ವಿ ಏನೆಲ್ಲ ಕಂಡರು ಅಂತ ಓದಿದವರಿಗೆ ಹಾಗೆ ಅನ್ನಿಸಲಾರದು.

1751ರಲ್ಲಿ ಅವನು ತೋಟದ ದಿನಚರಿ ಶುರು ಮಾಡಿದ. ಯಾವತ್ತು ಸೌತೆ ಬಿತ್ತಿದ್ದು, ಎಷ್ಟು ಗಾಡಿ ಗೊಬ್ಬರ ಹಾಕಿಸಿದ್ದು, ಕಲ್ಲಂಗಡಿ ಜಾತಿಯ ಹಣ್ಣು ಹೇಗೆ ಬಂತು, ಇಂಥದ್ದೇ. ಹಕ್ಕಿ ಅಲ್ಲಲ್ಲಿ ನುಸುಳುತ್ತಿತ್ತು. ಆಮೇಲೆ ಡೇನ್ಸ್ ಬ್ಯಾರಿಂಗ್ಟನ್ ಎಂಬ ವಕೀಲ ಒಂದು ಅಚ್ಚಾದ ಫಾರಂ ಪುಸ್ತಕ ತಯಾರಿಸಿದ. ಪ್ರತಿ ಪುಟದಲ್ಲೂ ಕಾಲಂಗಳು: ತಾರೀಖು, ವಾಯುಭಾರ, ಉಷ್ಣಾಂಶ, ಗಾಳಿ, ಮಳೆ, ಚಿಗುರಿದ ಮರ, ಅರಳಿದ ಹೂ, ಬಂದ ಹಕ್ಕಿ, ಹೋದ ಹಕ್ಕಿ. ನಮ್ಮ ಲ್ಯಾಬ್ ರೆಕಾರ್ಡ್ ಇದ್ದ ಹಾಗೆ. ವ್ಯತ್ಯಾಸ ಏನಂದರೆ ವೈಟ್ ಅದನ್ನು ಸಬ್‌ಮಿಷನ್ ಹಿಂದಿನ ರಾತ್ರಿ ಕೂತು ತುಂಬಿಸಲಿಲ್ಲ. 1768ರಿಂದ 1793ರವರೆಗೆ, ಇಪ್ಪತ್ತೈದು ವರ್ಷ, ಆಯಾ ದಿನದ್ದನ್ನು ಬರೆಯುತ್ತಾ ಹೋದ.

ಪುಸ್ತಕವಾಗಿ ಮುಂದೆ ಬಂದಿದ್ದೆಲ್ಲ ಪತ್ರಗಳು. 1767ರಿಂದ ಥಾಮಸ್ ಪೆನಂಟ್‌ಗೆ, 1769ರಿಂದ ಬ್ಯಾರಿಂಗ್ಟನ್‌ಗೆ. ಪೆನಂಟ್ ಬ್ರಿಟನ್ನಿನ ಪ್ರಾಣಿಗಳ ಬಗ್ಗೆ ದೊಡ್ಡ ಗ್ರಂಥ ಬರೆಯುತ್ತಿದ್ದ ಪ್ರಸಿದ್ಧ. ನಿಮ್ಮ ಕಡೆ ಏನೇನಿದೆ ಅಂತ ಅವನಿಗೆ ಬೇಕಿತ್ತು, ಕೇಳುವವರು ಇವನಿಗೆ ಬೇಕಿದ್ದರು. 1767ರ ಸೆಪ್ಟೆಂಬರ್‌ನ ಪತ್ರದಲ್ಲಿ ನಮ್ಮ ಹಾಫಿಂಚ್ ಬರುತ್ತದೆ. ಕೆಲವು ವರ್ಷದ ಹಿಂದೆ ಚಳಿಗಾಲದಲ್ಲಿ ತನ್ನ ಹೊಲಕ್ಕೆ ಮೂರು ಬಂದಿದ್ದವು, ಒಂದನ್ನು ಹೊಡೆದೆ, ಆಮೇಲೆ ಅದೇ ಕಾಲದಲ್ಲಿ ಅಪರೂಪಕ್ಕೊಂದು ಕಾಣುತ್ತದೆ ಅಂತ ವೈಟ್ ತಿಳಿಸುತ್ತಾನೆ. ಅದೇ ಪತ್ರದಲ್ಲಿ, ಕತ್ತರಿಯ ಹಾಗೆ ಕೊಕ್ಕಿನ ತುದಿ ಒಂದರ ಮೇಲೊಂದು ದಾಟಿರುವ ಕ್ರಾಸ್‌ಬಿಲ್ ಎಂಬ ಇನ್ನೊಂದು ಕಾಡಿನ ಫಿಂಚ್, ಹಿಂದಿನ ವರ್ಷ ಅಕ್ಕಪಕ್ಕದಲ್ಲಿ ಯಾರದೋ ಕೋವಿಗೆ ಸಿಕ್ಕಿದ ಸುದ್ದಿಯೂ ಇದೆ.

ಹೊಡೆದೆ ಅನ್ನೋದು ಇವತ್ತಿನ ಓದುಗರ ಕಿವಿಗೆ ಒರಟಾಗಿ ಕೇಳುತ್ತೆ. ಆಗ ಅದೇ ಪದ್ಧತಿ. ದೂರದಿಂದ ಗುರುತಿಸಲು ಲೆನ್ಸ್ ಇಲ್ಲ, ಜೇಬಿಗೆ ಹಾಕಿಕೊಳ್ಳುವ ಫೀಲ್ಡ್ ಗೈಡ್ ಇಲ್ಲ, ಮರದ ತುದಿಯ ಹಕ್ಕಿಯ ಕಾಲಿನ ಬಣ್ಣ ನೋಡಬೇಕೆಂದರೆ ಅದು ಕೆಳಗೆ ಬೀಳಬೇಕು. ವೈಟ್ ದೊಡ್ಡವನು ಅನ್ನಿಸೋದು ಕೋವಿ ಹಿಡಿದಿದ್ದಕ್ಕಲ್ಲ, ಬಿಟ್ಟಿದ್ದಕ್ಕೂ ಅಲ್ಲ. ಹಕ್ಕಿ ಕೈಗೆ ಬಂದ ಮೇಲೂ ಅವನು ಪ್ರಶ್ನೆ ಕೇಳುತ್ತಿದ್ದ, ಅದಕ್ಕೆ.

ಒಂದು ಪ್ರಸಂಗ ನೋಡಿ. ಪರಿಚಯದವನೊಬ್ಬನ ತೋಟಕ್ಕೆ ಗಂಡು ಹಾಫಿಂಚ್ ಒಂದು ಎರಡು ವಾರಕ್ಕೂ ಮೇಲೆ ದಿನಾ ಬರುತ್ತಿತ್ತು. ಕೊನೆಗೆ ಅವನು ಅದನ್ನು ಹೊಡೆದ. ಸುತ್ತಲಿನ ತೋಟಗಳಲ್ಲಿ ಚೆರ್ರಿ, ಗೂಸ್‌ಬೆರ್ರಿ ಮೊಗ್ಗುಗಳನ್ನು ಇದೇ ಹಾಳು ಮಾಡುತ್ತಿದೆ ಅಂತ ವೈಟ್‌ಗೇ ಅನುಮಾನ ಶುರುವಾಯಿತು. ಹೀಗೇ ಬಿಟ್ಟಿದ್ದರೆ ಅದು ಊರ ಮಾತಾಗುತ್ತಿತ್ತು, ಮುಂದೆ ಕಂಡ ಹಾಫಿಂಚ್‌ಗೆಲ್ಲ ಗುಂಡು ಕಾದಿರುತ್ತಿತ್ತು. ವೈಟ್ ಆ ಹಕ್ಕಿಯ ಅನ್ನಚೀಲ ಕೊಯ್ದು ನೋಡಿದ. ಒಂದೇ ಒಂದು ಮೊಗ್ಗಿಲ್ಲ. ಇದ್ದಿದ್ದೆಲ್ಲ ಹಣ್ಣಿನ ಓಟೆಯೊಳಗಿನ ಬೀಜದ ತಿರುಳು. ಆಗ ತೋಟದವನಿಗೂ ನೆನಪಾಯಿತು: ಆ ಹಕ್ಕಿ ಬರುತ್ತಿದ್ದಿದ್ದು ಪ್ಲಮ್ ಮರಗಳಿರುವ ಜಾಗಕ್ಕೇ, ಬಾಯಲ್ಲಿ ಏನೋ ಗಟ್ಟಿ ಪದಾರ್ಥ ಇಟ್ಟುಕೊಂಡು ಕಷ್ಟಪಟ್ಟು ಒಡೆಯುತ್ತಿತ್ತು. ಅದು ಡ್ಯಾಮ್ಸನ್ ಎಂಬ ಜಾತಿಯ ಪ್ಲಮ್ಮಿನ ಓಟೆ. ನೆಲಕ್ಕೆ ಬಿದ್ದು ಯಾರಿಗೂ ಬೇಡವಾದ ಓಟೆ ತಿನ್ನುತ್ತಿದ್ದ ಹಕ್ಕಿಗೆ ಕಳ್ಳನ ಪಟ್ಟ ಕಟ್ಟಲು ಹೊರಟಿದ್ದರು. ತೀರ್ಪು ಬದಲಾಯಿತು, ಆದರೆ ಆ ಹಕ್ಕಿಗೆ ಅದರಿಂದ ಉಪಯೋಗವಿಲ್ಲ.

ನನಗೆ ಈ ಪ್ರಸಂಗದಲ್ಲಿ ಇಷ್ಟವಾಗೋದು ಆ ಎರಡು ವಾರ. ಇಷ್ಟು ನಾಚಿಕೆಯ ಹಕ್ಕಿ ಎರಡು ವಾರ ಒಂದೇ ಜಾಗಕ್ಕೆ ಬರುತ್ತದೆ ಅಂದರೆ ಅಲ್ಲಿ ಅದಕ್ಕೆ ಬೇಕಾದ ಊಟ ಇದೆ ಅಂತಲೇ ಅರ್ಥ. ಇವತ್ತಿಗೂ ಹಾಫಿಂಚ್ ಹುಡುಕುವವರು ಮಾಡೋದು ಇದನ್ನೇ: ಮೊದಲು ಮರ ಹುಡುಕುತ್ತಾರೆ, ಆಮೇಲೆ ಹಕ್ಕಿ. ಬುಡದಲ್ಲಿ ಎರಡು ಹೋಳಾಗಿ ಬಿದ್ದ ಓಟೆಯ ಸಿಪ್ಪೆ ಕಂಡರೆ ಮಾರನೇ ದಿನ ಬೆಳಗ್ಗೆ ಅಲ್ಲೇ ಹೋಗಿ ಕಾಯುತ್ತಾರೆ.

ವೈಟ್ ಕಾಲದಲ್ಲಿ ಹಾಫಿಂಚ್ ಅಂದರೆ ಬರೀ ಚಳಿಗಾಲದ ಅತಿಥಿ ಅಂತ ನಂಬಿದ್ದರು. ಅವನೂ ಹಾಗೇ ಬರೆದಿದ್ದಾನೆ. ಅದು ಇಂಗ್ಲೆಂಡಿನಲ್ಲೇ ಗೂಡು ಕಟ್ಟುತ್ತದೆ ಅಂತ ಎಪ್ಪಿಂಗ್ ಕಾಡಿನ ಪಕ್ಕ ವಾಸವಿದ್ದ ಹೆನ್ರಿ ಡಬಲ್‌ಡೇ ತೋರಿಸಿಕೊಟ್ಟಿದ್ದು 1830ರ ದಶಕದಲ್ಲಿ. ಬೇಸಿಗೆಯಲ್ಲಿ ಎಲೆಗಳ ಮರೆಯಲ್ಲಿ ಆ ಹಕ್ಕಿ ಎಷ್ಟು ಚೆನ್ನಾಗಿ ಅಡಗಿಕೊಳ್ಳುತ್ತದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಈಗ ಹೆಣ್ಣು ಹಕ್ಕಿಗಳ ವಿಷಯಕ್ಕೆ ಬರೋಣ. ಚಾಫಿಂಚ್ ಇಂಗ್ಲೆಂಡಿನ ಅತಿ ಸಾಮಾನ್ಯ ಫಿಂಚ್. ಕಾಡು, ತೋಟ, ಬೇಲಿ, ಎಲ್ಲೆಲ್ಲೂ ಇರುತ್ತದೆ. ಗಂಡಿನ ಎದೆ ಗುಲಾಬಿ, ತಲೆ ನೀಲಿ ಬೂದು. ಹೆಣ್ಣು ಮಾಸಲು. ಪ್ರತಿ ವರ್ಷ ಕ್ರಿಸ್‌ಮಸ್ ಹೊತ್ತಿಗೆ ಸೆಲ್‌ಬೋರ್ನ್ ಹೊಲಗಳಿಗೆ ಇವುಗಳ ದೊಡ್ಡ ದೊಡ್ಡ ಹಿಂಡುಗಳು ಇಳಿಯುತ್ತಿದ್ದವು. ಈ ಊರಿನಲ್ಲಿ ಇಷ್ಟೊಂದು ಹುಟ್ಟಿರೋದು ಸಾಧ್ಯವಾ ಅನ್ನೋದು ವೈಟ್‌ನ ಮೊದಲ ಸಂಶಯ. ಹತ್ತಿರದಿಂದ ಗಮನಿಸಿದಾಗ ಇನ್ನೊಂದು ಆಶ್ಚರ್ಯ: ಹಿಂಡಿನಲ್ಲಿ ಇರೋದು ಹೆಚ್ಚುಕಡಿಮೆ ಬರೀ ಹೆಣ್ಣುಗಳು! ತನ್ನ ಕಣ್ಣನ್ನು ಮಾತ್ರ ನಂಬಲಿಲ್ಲ. ಅಕ್ಕಪಕ್ಕದ ತಿಳಿದವರಿಗೆ ಹೇಳಿ, ನೀವೂ ಎಣಿಸಿ ನೋಡಿ ಅಂದ. ಅವರು ನೋಡಿ ಬಂದು ಐವತ್ತಕ್ಕೆ ಒಂದು ಗಂಡು ಇದ್ದರೆ ಹೆಚ್ಚು ಅಂದರು.

ಹಾಗಾದರೆ ಗಂಡುಗಳು ಎಲ್ಲಿ? ಇಲ್ಲಿ ವೈಟ್‌ಗೆ ಸಹಾಯಕ್ಕೆ ಬಂದಿದ್ದು ಸ್ವೀಡನ್ನಿನ ಲಿನೇಯಸ್. ಅಲ್ಲಿ ಚಳಿಗಾಲಕ್ಕೆ ಮುಂಚೆ ಹೆಣ್ಣು ಚಾಫಿಂಚ್‌ಗಳು ದಕ್ಷಿಣಕ್ಕೆ ಹೊರಟು ಗಂಡುಗಳು ಉಳಿದುಕೊಳ್ಳುತ್ತವೆ ಅಂತ ಲಿನೇಯಸ್ ಗಮನಿಸಿದ್ದ. ಆ ಕಾರಣಕ್ಕೇ ಹಕ್ಕಿಗೆ ಬ್ರಹ್ಮಚಾರಿ ಎಂಬರ್ಥದ ಲ್ಯಾಟಿನ್ ಹೆಸರು ಇಟ್ಟಿದ್ದ. 1768ರ ಜನವರಿಯಲ್ಲಿ ವೈಟ್ ಎರಡನ್ನೂ ಜೋಡಿಸಿದ: ಅಲ್ಲಿ ಕಾಣೆಯಾಗುವ ಹೆಣ್ಣುಗಳು, ಇಲ್ಲಿ ಪ್ರತ್ಯಕ್ಷವಾಗುವ ಹೆಣ್ಣುಗಳು. ಒಂದು ಹಳ್ಳಿಯ ಹೊಲದಲ್ಲಿ ನಿಂತವನು ಸಮುದ್ರದ ಆಚೆಯಿಂದ ಬಂದ ವಲಸೆಯನ್ನು ಹೀಗೆ ಊಹಿಸಿದ. ಬೇರೆ ಬೇರೆ ದೇಶಗಳಲ್ಲಿ ಕಾಲಿಗೆ ಉಂಗುರ ತೊಡಿಸಿ ಹಕ್ಕಿಗಳನ್ನು ಬೆನ್ನುಹತ್ತುವ ಕೆಲಸ ಶುರುವಾಗಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಬಾಕಿ ಇತ್ತು. ಚಾಫಿಂಚ್‌ಗಳಲ್ಲಿ ಹೆಣ್ಣು ಗಂಡಿಗಿಂತ ಹೆಚ್ಚು ದೂರ ವಲಸೆ ಹೋಗುತ್ತದೆ ಅನ್ನೋದು ಈಗ ಚೆನ್ನಾಗಿ ಗೊತ್ತಿರುವ ವಿಷಯ. ಬಣ್ಣದ ಗಂಡನ್ನು ಮಾತ್ರ ಹುಡುಕುವ ಕಣ್ಣಿಗೆ ಇದು ಹೊಳೆಯುವಂಥದ್ದಲ್ಲ.

ಕಾಡಿನ ಹಕ್ಕಿಯನ್ನು ನೋಡೋದಕ್ಕಿಂತ ಮೊದಲು ಕೇಳಬೇಕು. ವೈಟ್‌ಗೆ ಒಳ್ಳೆಯ ಕಿವಿ ಇತ್ತು. ಬೀಚ್ ಮರಗಳಲ್ಲಿ ಓಡಾಡುವ ಪುಟ್ಟ ಹಸಿರು ಉಲಿಯಕ್ಕಿಗಳು ಎಲ್ಲವೂ ಒಂದೇ ಥರ ಕಾಣುತ್ತವೆ. ಹಾಡು ಮಾತ್ರ ಮೂರು ಥರ ಇದೆಯಲ್ಲ ಅಂತ ಅವನಿಗೆ ಕಿವಿಯಲ್ಲೇ ಮೊದಲು ಸಂಶಯ ಬಂತು. 1768ರ ಆಗಸ್ಟ್ ಹೊತ್ತಿಗೆ ಮೂರೂ ಥರದ ಹಕ್ಕಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಗಾತ್ರ ಮೂರು ಹಂತದ್ದು, ಅತಿ ಚಿಕ್ಕದರ ಕಾಲು ಕಪ್ಪು, ಉಳಿದೆರಡರದ್ದು ಮಾಂಸದ ಬಣ್ಣ ಅಂತ ಬಿಡಿಸಿ ತೋರಿಸಿದ. ಇವತ್ತು ಚಿಫ್‌ಚಾಫ್, ವಿಲೋ ವಾರ್ಬ್ಲರ್, ವುಡ್ ವಾರ್ಬ್ಲರ್ ಅಂತ ಮೂರು ಬೇರೆ ಹೆಸರುಗಳಿರೋದರ ಹಿಂದೆ ಆ ಮೇಜು ಇದೆ.

ಸದ್ದಿನ ಬಗ್ಗೆ ಅವನ ಹುಚ್ಚು ಹಕ್ಕಿಗೆ ನಿಲ್ಲಲಿಲ್ಲ. ಊರ ಹತ್ತಿರ ಒಂದು ಕಡೆ ಕೂಗಿದರೆ ಪ್ರತಿಧ್ವನಿ ಬರುತ್ತಿತ್ತು. ಬೇಗ ಬೇಗ ಹೇಳಬಹುದಾದ ಲ್ಯಾಟಿನ್ ಪದ್ಯ ಕೂಗಿ, ಎಷ್ಟು ಅಕ್ಷರ ವಾಪಸ್ ಬರುತ್ತದೆ ಅಂತ ಎಣಿಸಿದ: ಹತ್ತು. ದೂರ ಅಳೆದ: 258 ಗಜ. ಶಬ್ದದ ವೇಗ ಗೊತ್ತಿರುವ ನೀವು ಹೋಗಿ ಬರುವ ಸಮಯ ಲೆಕ್ಕ ಹಾಕಿ, ಒಂದೂಕಾಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ಹತ್ತು ಅಕ್ಷರ ಹೇಳಬೇಕು. ಪಾದ್ರಿಗೆ ನಾಲಿಗೆ ಚುರುಕಾಗಿಯೇ ಇತ್ತು. ಇನ್ನೊಮ್ಮೆ ಜೇನುಗೂಡಿನ ಪಕ್ಕ ದೊಡ್ಡ ಕಹಳೆ ಹಿಡಿದು ಕೂಗಿ ನೋಡಿದ. ಜೇನುಗಳು ಕ್ಯಾರೇ ಅನ್ನಲಿಲ್ಲ.

ಇಂಥವನಿಗೆ ಮಧ್ಯವಯಸ್ಸು ದಾಟುತ್ತಿದ್ದಂತೆ ಆಗಾಗ ಕಿವುಡು ಬರತೊಡಗಿತು. ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಬಂದಾಗ ಹಕ್ಕಿಗಳು ಅತಿ ಹೆಚ್ಚು ಹಾಡುವ ಮೇ ತಿಂಗಳೂ ಅವನಿಗೆ ಆಗಸ್ಟಿನಷ್ಟೇ ನಿಶ್ಶಬ್ದ. ಅರ್ಧ ಕಸುಬೇ ಕೈಬಿಟ್ಟ ಹಾಗೆ ಅಂತ ಅವನು ಸಂಕಟಪಟ್ಟಿದ್ದಾನೆ. ಮರದ ತುದಿಯ 'ಟಿಕ್' ಕೇಳದಿದ್ದರೆ ಹಾಫಿಂಚ್ ತಲೆಯ ಮೇಲೇ ಇದ್ದರೂ ಇಲ್ಲ. ಕಣ್ಣು ಮಾತ್ರ ಚುರುಕಾಗಿತ್ತು. ದಿನಚರಿ ನಿಲ್ಲಲಿಲ್ಲ, ಕಾಲಂಗಳು ತುಂಬುತ್ತಲೇ ಹೋದವು.

ಎಲ್ಲದರಲ್ಲೂ ಅವನು ಸರಿ ಇದ್ದ ಅಂತೇನಿಲ್ಲ. ಚಾಫಿಂಚ್ ವಲಸೆ ಊಹಿಸಿದ ಇದೇ ಮನುಷ್ಯ, ಸ್ವಾಲೋ ಹಕ್ಕಿಗಳಲ್ಲಿ ಕೆಲವಾದರೂ ಚಳಿಗಾಲದಲ್ಲಿ ಊರ ಪೊಟರೆಗಳಲ್ಲೇ ಮಲಗಿ ನಿದ್ದೆ ಹೋಗುತ್ತವೆ ಎಂಬ ನಂಬಿಕೆಯನ್ನು ಕೊನೆಯವರೆಗೂ ಪೂರ್ತಿ ಬಿಡಲಿಲ್ಲ. ಆಳುಗಳನ್ನು ಕಳಿಸಿ ಹುಡುಕಿಸಿದ್ದೂ ಉಂಟು. ಸಿಗಲಿಲ್ಲ. ಸಿಕ್ಕಿತು ಅಂತ ಬರೆದುಕೊಳ್ಳಲೂ ಇಲ್ಲ.

ಪುಸ್ತಕ ಮಾಡು ಅಂತ ಸ್ನೇಹಿತರು ಹೇಳಿ ಹೇಳಿ ಸೋತರು. ಸೆಲ್‌ಬೋರ್ನ್ ಬಗೆಗಿನ ಪುಸ್ತಕ ಹೊರಬಂದಾಗ ಅವನಿಗೆ 68 ವರ್ಷ. ಮುಖಪುಟದ ಮೇಲೆ 1789, ಪ್ರಕಾಶಕ ಲಂಡನ್ನಿನಲ್ಲಿ ಪುಸ್ತಕದಂಗಡಿ ಇಟ್ಟಿದ್ದ ತಮ್ಮ ಬೆಂಜಮಿನ್. ಒಟ್ಟು 110 ಪತ್ರ. ಅದರಲ್ಲಿ ಮೊದಲ ಒಂಬತ್ತು ಯಾರಿಗೂ ಕಳಿಸಿದ್ದೇ ಅಲ್ಲ, ಊರಿನ ಪರಿಚಯಕ್ಕೆ ಅಂತ ಆಮೇಲೆ ಸೇರಿಸಿದ್ದು. ಹಾಫಿಂಚ್‌ನ ಅನ್ನಚೀಲದ ಪ್ರಸಂಗ ಆ ಪುಸ್ತಕದಲ್ಲಿ ಇಲ್ಲ. ಅವನು ಸತ್ತ ಮೇಲೆ ಅವನ ಕಾಗದಗಳಿಂದ ಆರಿಸಿ ಅಚ್ಚು ಹಾಕಿದ ಟಿಪ್ಪಣಿಗಳಲ್ಲಿದೆ. ಪುಸ್ತಕದ ಅಚ್ಚು ಅವತ್ತಿನಿಂದ ನಿಂತಿಲ್ಲ. ಹುಡುಗ ಡಾರ್ವಿನ್ ಅದನ್ನು ಓದಿ ಹಕ್ಕಿ ನೋಡಲು ಹೊರಟ, ಮುಂದೆ ಗಲಾಪಗಸ್‌ನಲ್ಲಿ ಬೇರೆಯದೇ ಫಿಂಚ್‌ಗಳು ಅವನ ಕೈಗೆ ಸಿಕ್ಕವು. ಅವು ನಿಜವಾದ ಫಿಂಚ್ ಕುಟುಂಬದವಲ್ಲ ಅನ್ನೋದು ಬೇರೆ ಮಾತು, ಹೆಸರು ಉಳಿದುಕೊಂಡಿದೆ.

ಸೆಲ್‌ಬೋರ್ನ್ ಚರ್ಚಿನ ಅಂಗಳದಲ್ಲಿ ಭಾರಿ ಯೂ ಮರವೊಂದಿತ್ತು. ವೈಟ್ ಅಳೆದಾಗ ಅದರ ಸುತ್ತಳತೆ 23 ಅಡಿಗೂ ಮೇಲೆ. 1990ರ ಜನವರಿಯ ಬಿರುಗಾಳಿಗೆ ಉರುಳಿತು. ಇಂಗ್ಲೆಂಡಿನ ಹಳೇ ಚರ್ಚುಗಳ ಅಂಗಳದಲ್ಲಿ ಇಂಥ ಯೂ ಮರಗಳು ಬಹಳ. ಅದರ ಬೀಜ ಹಾಫಿಂಚ್‌ಗೆ ಇಷ್ಟ. 2017ರ ಶರತ್ಕಾಲದಲ್ಲಿ ಯೂರೋಪಿನಿಂದ ಹಾಫಿಂಚ್‌ಗಳು ಹಿಂದೆಂದೂ ಕಾಣದಷ್ಟು ಸಂಖ್ಯೆಯಲ್ಲಿ ಬ್ರಿಟನ್ನಿಗೆ ಬಂದಾಗ, ಜನ ಅವುಗಳನ್ನು ಹುಡುಕಿಕೊಂಡು ಹೋಗಿದ್ದು ಇಂಥ ಅಂಗಳಗಳಿಗೇ. ಅಲ್ಲಿ ಗೂಡು ಕಟ್ಟುವ ಹಾಫಿಂಚ್‌ಗಳು ಈಗ ತುಂಬಾ ಕಡಿಮೆಯಾಗಿ, ಅಪಾಯದ ಕೆಂಪು ಪಟ್ಟಿಯಲ್ಲಿವೆ.

ವೈಟ್‌ನ ದಿನಚರಿ 1793ರ ಜೂನ್ ಮಧ್ಯದವರೆಗೆ ಇದೆ. ಜೂನ್ 26ರಂದು ಅವನು ತೀರಿಕೊಂಡ. ಹುಟ್ಟಿದ್ದು ಚರ್ಚಿನ ಪಕ್ಕದ ಅಜ್ಜನ ಮನೆಯಲ್ಲಿ, ಮಲಗಿರೋದು ಅದೇ ಚರ್ಚಿನ ಅಂಗಳದಲ್ಲಿ. ಸಮಾಧಿಯ ಮೇಲೆ ಒಂದು ಚಿಕ್ಕ ಕಲ್ಲು. ಪೂರ್ತಿ ಹೆಸರಿಲ್ಲ, ಜಿ. ಡಬ್ಲ್ಯು. ಎಂಬ ಎರಡು ಅಕ್ಷರ, ಕೆಳಗೆ ತಾರೀಖು. ಅವನನ್ನು ಕೂರಿಸಿಕೊಂಡು ಬರೆದ ಒಂದು ದೊಡ್ಡ ಭಾವಚಿತ್ರವೂ ಇಲ್ಲ. ಹಳೆಯ ಪುಸ್ತಕವೊಂದರಲ್ಲಿ ಯಾರೋ ಗೀಚಿದ ಎರಡು ಪುಟ್ಟ ಶಾಯಿ ಚಿತ್ರಗಳು ಅವನದೇ ಇರಬೇಕು ಅಂತಾರೆ.